ಕೆಜಾಯಾಳ ಹಾಲು ಕುಡಿದ ದೊರೆ

ಕೆಜಾಯಾ ಟಿಬ್ಸ್‌ಳ ಚೊಚ್ಚಲ ಕೂಸು ಹುಟ್ಟಿದ ವಾರದಲ್ಲೇ ಕಣ್ಣು ಮುಚ್ಚಿತು. ಎದೆಹಾಲು ಮಾತ್ರ ಬತ್ತಲಿಲ್ಲ. ಅದೇ ಹೊತ್ತಿಗೆ ಗುಡ್ಡದ ಮೇಲಿನ ಬಂಗಲೆಯಲ್ಲಿ ಆಂಬರ್ಸ್ಲಿ ದೊರೆಯ ಹೆಂಡತಿ ಗಂಡುಮಗು ಹೆತ್ತು ಹಾಸಿಗೆ ಹಿಡಿದಿದ್ದಳು. ಹೀಗೆ ಕುರಿಗಾಹಿಯ ಹೆಂಡತಿಯಾದ ಕೆಜಾಯಾ ದೊರೆಯ ಮಗ, ಪುಟ್ಟ ಲಯೊನೆಲ್‌ಗೆ ಹಾಲೂಡುವವಳಾದಳು. "ನಮ್ಮ ತೊಟ್ಟಿಲು ಬರಿದು, ದೊರೆ ತೊಟ್ಟಿಲಿಗೆ ನಿನ್ನ ಜೋಗುಳ," ಎಂದು ಗಂಡ ಏಮಸ್ ಒಮ್ಮೆ ಕಹಿಯಾಗಿ ಅಂದದ್ದೂ ಉಂಟು. ಆದರೆ ಆ ಕೂಸು ಅವಳ ಬೆರಳು ಹಿಡಿದು ನಿದ್ದೆಹೋದಾಗ ಅವಳ ಒಡಲ ಉರಿ ತುಸು ಆರುತ್ತಿತ್ತು.

ಹುಡುಗನಿಗೆ ಮಾತು ತೊದಲು. ಅವನು ದೊಡ್ಡವನಾಗಿ ಪಾರ್ಲಿಮೆಂಟಿಗೆ ಹೋದನೆಂದು ಕೇಳಿ ಊರೇ ನಕ್ಕಿತು.

"ಅಲ್ಲಿ ಹೋಗಿ ಏನ್ ಮಾತಾಡ್ತಾನೆ?"

"ನಿಧಾನಕ್ಕೆ ಮಾತಾಡ್ತಾನೆ. ಕೇಳೋರಿಗೆ ಪುರುಸೊತ್ತು ಇರ್ಬೇಕು, ಅಷ್ಟೆ," ಅಂದಳು ಕೆಜಾಯಾ.

ಅಪ್ಪ ತೀರಿಕೊಂಡ ಮೇಲೆ ಲಯೊನೆಲ್ಲೇ ದೊರೆಯಾದ. ಕಬ್ಬು ಬೆಳೆಯುವ ದೂರದ ದ್ವೀಪವೊಂದಕ್ಕೆ ಅವನನ್ನು ಗವರ್ನರ್ ಮಾಡಿದರು. ಹೊರಡುವ ಮುನ್ನ ಅವಳ ಗುಡಿಸಲಿಗೆ ಬಂದಾಗ ಅವಳು ಉಣ್ಣೆಯ ಕಾಲುಚೀಲ ಕೊಟ್ಟಳು.

"ಅಲ್ಲಿ ವಿಪರೀತ ಸೆಕೆಯಂತೆ, ಕೆಜಾಯಾ."

"ಸೆಕೆ ಅಂದ್ರೆ ಕಾಲೇ ಇರಲ್ವಾ? ಇಟ್ಕೋ ಮರಿ."

ಅವಧಿ ಮುಗಿಯುವ ಮೊದಲೇ ಅವನು ತಲೆತಗ್ಗಿಸಿ ಮರಳಿದ. ಅಲ್ಲಿ ಕೂಲಿಗಾಗಿ ಕಬ್ಬಿನಾಳುಗಳು ದಂಗೆಯೆದ್ದಿದ್ದರು, ಒಬ್ಬ ಮೇಸ್ತ್ರಿ ಸತ್ತಿದ್ದ. ಐವರಿಗೆ ಗಲ್ಲು ಎಂದಿತ್ತು ನ್ಯಾಯಾಲಯ. ನಾಲ್ವರ ಗಲ್ಲನ್ನು ಇವನು ಸೆರೆವಾಸಕ್ಕೆ ಇಳಿಸಿದ್ದ. ಸಿಟ್ಟಿಗೆದ್ದ ತೋಟದ ಧಣಿಗಳು ಲಂಡನ್ನಿನಲ್ಲಿ ಕಿವಿಯೂದಿ ಅವನನ್ನು ವಾಪಸು ಕರೆಸಿದ್ದರು. ಬಂಗಲೆಗೆ ಈಗ ಯಾರ ಸಾರೋಟೂ ಬರಲಿಲ್ಲ. ಅವನೂ ಹೊರಗೆ ಬರಲಿಲ್ಲ.

ಕೆಜಾಯಾ ಕುರಿಮಾಂಸ, ಬಾರ್ಲಿ ಹಾಕಿ ಸಾರು ಕುದಿಸಿ, ಮಂಡಿನೋವಲ್ಲೇ ಗುಡ್ಡ ಹತ್ತಿ, ನೇರ ಮುಂಬಾಗಿಲು ಬಡಿದಳು.

"ಅಡುಗೆಮನೆ ಬಾಗಿಲು ಹಿಂದಿದೆಯಮ್ಮ," ಎಂದ ಆಳು.

"ಗೊತ್ತಪ್ಪ. ನಾನು ಅಡುಗೆಮನೆಗೆ ಬಂದಿಲ್ಲ."

ಲಯೊನೆಲ್ ಬೆಂಕಿಗೂಡಿನ ಮುಂದೆ ಮುದುಡಿ ಕೂತಿದ್ದ. ಅವಳು ಪಕ್ಕ ಕೂತು ತಲೆಯ ಮೇಲೆ ಕೈಯಿಟ್ಟಾಗ ಅವನೆಂದ, "ನಾ... ನಾಲ್ವರನ್ನ ಉಳಿಸಿದೆ ಅಂತ ಎಲ್ಲಾ ಬಯ್ತಾರೆ. ಐದನೆಯವನ ಸುದ್ದಿ ಯಾರೂ ಎತ್ತಲ್ಲ. ಒಬ್ಬನನ್ನಾದ್ರೂ ನೇಣಿಗೆ ಹಾಕದಿದ್ರೆ ದ್ವೀಪ ಕೈತಪ್ಪುತ್ತೆ ಅಂದ್ರು. ಒಪ್ಪಿಬಿಟ್ಟೆ."

"ಅವನಿಗೆ ಅಮ್ಮ ಇದ್ಳಾ?"

"ಇದ್ಳು. ಗೇಟಿನಾಚೆ ಕೂತು ಅಳ್ತಿದ್ಳು. ನಾನು ಕಿಟಕಿ ಮುಚ್ಚಿಸಿದೆ."

ಕೆಜಾಯಾ ಅವನ ತಲೆಯ ಮೇಲಿಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮಣ್ಣಿಗಿಟ್ಟ ತನ್ನ ಕೂಸು ಕಣ್ಣಿಗೆ ಕಟ್ಟಿತು. ಎದ್ದು ಹೋಗಿಬಿಡೋಣ ಅನ್ನಿಸಿತು. ಹೋಗಲಾಗಲಿಲ್ಲ. ಬಟ್ಟಲಿಗೆ ಸಾರು ಬಗ್ಗಿಸಿದಳು.

"ಪರವಾಗಿಲ್ಲ ಅಂತ ನಾನು ಹೇಳಲ್ಲ ಮರಿ. ಹಾಗನ್ನೋ ಹಕ್ಕು ಇದ್ರೆ ಆ ತಾಯಿಗೆ. ಬಿಸಿ ಆರೋ ಮೊದ್ಲು ಕುಡಿ." ಅವನು ಕುಡಿಯುವುದನ್ನೇ ನೋಡುತ್ತ ಕೇಳಿದಳು, "ಆ ನಾಲ್ವರು ಈಗೆಲ್ಲಿ?"

"ಜೈಲಲ್ಲೇ."

"ಮತ್ತೆ ನೀನಿಲ್ಲಿ ಬೆಂಕಿ ಕಾಯಿಸ್ತಾ ಕೂತಿದೀಯಲ್ಲ!"

ಆ ವಸಂತದಲ್ಲಿ ಅವನು ಮತ್ತೆ ಲಂಡನ್ನಿಗೆ ಹೋಗಿ, ಪಾರ್ಲಿಮೆಂಟಿನ ಪ್ರಭುಗಳ ಸಭೆಯಲ್ಲಿ ತೊದಲುತ್ತಲೇ ಆ ನಾಲ್ವರ ಬಿಡುಗಡೆ ಕೇಳಿದ. ಕೆಲವರು ನಕ್ಕರು, ಹಲವರು ಎದ್ದುಹೋದರು. ಮರುವರ್ಷವೂ ಕೇಳಿದ, ಅದರ ಮರುವರ್ಷವೂ. ಅಷ್ಟರಲ್ಲಿ ಒಬ್ಬ ಜೈಲಿನಲ್ಲೇ ಸತ್ತ. ಕೊನೆಗೊಮ್ಮೆ ಇಬ್ಬರನ್ನು ಬಿಟ್ಟರು. ಸುದ್ದಿ ಹಿಡಿದು ಅವನು ಗುಡಿಸಲಿಗೆ ಓಡಿಬಂದ.

"ಇನ್ನೊಬ್ಬ?" ಅಂದಳು ಕೆಜಾಯಾ.

"ಅವನಿಗೂ ಕೇಳ್ತೀನಿ."

ಅವಳು ಶಹಭಾಸ್ ಅನ್ನಲಿಲ್ಲ. ಆಗಷ್ಟೇ ಒಲೆಯಿಂದ ತೆಗೆದ ಸೇಬಿನ ಕಡುಬಿನಲ್ಲಿ ದೊಡ್ಡ ತುಂಡನ್ನೇ ಕೊಯ್ದು ಅವನ ಮುಂದಿಟ್ಟಳು. ಗಂಡ ಏಮಸ್ ಎದ್ದು ತನ್ನ ಕುರ್ಚಿಯನ್ನು ಅವನ ಕಡೆ ನೂಕಿದ.