ಕೊರಳಿನ ಎರಡನೆಯ ಗಂಟು

ನನ್ನ ಕೊರಳಿನಲ್ಲೊಂದು ಗಂಟಿದೆಯೆಂಬ ಸುದ್ದಿಯನ್ನು ನನಗೆ ಮೊದಲು ತಿಳಿಸಿದವರು ವೈದ್ಯರಲ್ಲ, ರವಿಕೆ ಹೊಲಿಯುವ ಜಯಮ್ಮ. ಮೈಸೂರು ಒಂಟಿಕೊಪ್ಪಲಿನ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಒಂದು ಹೊಲಿಗೆ ಯಂತ್ರ, ಒಂದು ಬೆಂಚು ಮತ್ತು ಗೋಡೆಗೊರಗಿದ ನಿಲುಗನ್ನಡಿ ಹಿಡಿಸುವಷ್ಟೇ ಅಗಲದ ಅಂಗಡಿ ಅವರದು. ನಾದಿನಿಯ ಮಗಳ ಮದುವೆಗೆ ಕಾಲರ್ ಇರುವ ರವಿಕೆಯನ್ನೇ ತೊಡಬೇಕೆಂಬ ಹುಮ್ಮಸ್ಸು ನಲವತ್ತೆರಡನೆಯ ವಯಸ್ಸಿನಲ್ಲಿ ನನಗೇಕೆ ಹುಟ್ಟಿತೋ, ಆ ಹುಮ್ಮಸ್ಸಿಗೆ ನಾನು ಈವತ್ತಿಗೂ ಋಣಿ. ಟೇಪನ್ನು ಕೊರಳಿಗೆ ಸುತ್ತಿದ ಜಯಮ್ಮ ಅಳತೆ ಬರೆದುಕೊಳ್ಳದೆ ಹಾಗೇ ನಿಂತರು.

"ಅಕ್ಕಾವ್ರೇ, ಇನ್ನೊಂದ್ಸಲ ಉಗುಳು ನುಂಗಿ."

ನುಂಗಿದೆ.

"ಟೇಪಿನ ಕೆಳಗೆ ಏನೋ ಮೇಲಕ್ಕೋಗಿ ಕೆಳಕ್ಕೆ ಬತ್ತಾ ಐತೆ ಕಣ್ರೀ. ಓದ್ ಸಲ ಇದಿರಲಿಲ್ಲ. ಡಾಕ್ಟ್ರಿಗೆ ತೋರಿಸಿ, ಆಮೇಲೆ ಒಲೀತೀನಿ."

ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ದಿನಾ ಕುಂಕುಮ ಇಟ್ಟುಕೊಳ್ಳುವಾಗ ನೋಡುವ ಅದೇ ಮುಖ, ಅದೇ ಕೊರಳು. ಆದರೆ ಬಲಗಡೆಗೆ, ಗಂಟಲಿನ ಬುಡದಲ್ಲಿ, ಸಣ್ಣ ನೆಲ್ಲಿಕಾಯಿಯಷ್ಟು ಉಬ್ಬು. ಗಂಟಲು ಎಂಬ ಮಾತಿನೊಳಗೇ ಗಂಟೊಂದು ಅಡಗಿ ಕುಳಿತಿದೆಯಲ್ಲ ಎಂದು ಆ ಗಳಿಗೆಯಲ್ಲೂ ನನಗೆ ಹೊಳೆಯಿತು. ಮಾತುಗಳನ್ನು ಹೀಗೆ ಬಿಡಿಸಿ ನೋಡುವುದು ನನ್ನ ವೃತ್ತಿಯ ಚಾಳಿ. ನಾನು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವಳು. ಇಪ್ಪತ್ತು ವರ್ಷಗಳಿಂದ ಬೇರೆಯವರು ಬರೆದದ್ದರ ಕೊಂಬು, ದೀರ್ಘ, ಒತ್ತಕ್ಷರಗಳ ಲೋಪಗಳನ್ನು ಕೆಂಪು ಶಾಯಿಯಲ್ಲಿ ಹಿಡಿದು ಹಾಕುತ್ತ ಬಂದವಳು. ಸೆರಗಿನ ಗಂಟು, ಹುಬ್ಬಿನ ಗಂಟು, ಬ್ರಹ್ಮಗಂಟು, ಎಲ್ಲವೂ ಗೊತ್ತಿತ್ತು. ನನ್ನ ಕೊರಳಿನಲ್ಲಿ ಮೂಡಿದ ಗಂಟೊಂದೇ ನನ್ನ ಕಣ್ಣು ತಪ್ಪಿಸಿತ್ತು.

ನಮ್ಮ ಬೀದಿಯ ವೈದ್ಯರು ಮುಟ್ಟಿ ನೋಡಿ, ಇದು ಥೈರಾಯ್ಡ್ ಗ್ರಂಥಿಯ ಗಂಟು, ಇಂಥವುಗಳಲ್ಲಿ ಹೆಚ್ಚಿನವು ನಿರುಪದ್ರವಿ, ಆದರೂ ಒಂದು ಸ್ಕ್ಯಾನ್ ಆಗಿಬಿಡಲಿ ಎಂದು ಚೀಟಿ ಬರೆದುಕೊಟ್ಟರು. ನಿಮಗೂ ನೆನಪಿರಬಹುದು, ತೊಂಬತ್ತರ ದಶಕದುದ್ದಕ್ಕೂ ನಮ್ಮಂಥವರ ಮನೆಗಳಲ್ಲಿ ಸ್ಕ್ಯಾನಿಂಗ್ ಎಂದರೆ ಬಸುರಿಯರ ಸಮಾಚಾರವಾಗಿತ್ತು. ಹೊಸ ಶತಮಾನ ಹುಟ್ಟಿ ನಾಲ್ಕೈದು ವರ್ಷ ಕಳೆದಿದ್ದರೂ ಆ ಅಭ್ಯಾಸ ಪೂರ್ತಿ ಹೋಗಿರಲಿಲ್ಲ. ಸಿದ್ಧಾರ್ಥನಗರದ ಸ್ಕ್ಯಾನಿಂಗ್ ಕೇಂದ್ರದಲ್ಲಿ, ಭ್ರೂಣದ ಲಿಂಗ ಪತ್ತೆ ಮಾಡುವುದಿಲ್ಲವೆಂಬ ಫಲಕದ ಕೆಳಗೆ, ತುಂಬಿದ ಒಡಲಿನ ಏಳೆಂಟು ಹುಡುಗಿಯರ ನಡುವೆ ನಾನು ಕುಳಿತಿದ್ದೆ. ಹೆಸರು ಬರೆದುಕೊಳ್ಳುವಾಕೆ ತಲೆಯೆತ್ತದೆ "ಎಷ್ಟು ತಿಂಗಳು?" ಎಂದು ಕೇಳಿದಳು. "ಕೊರಳಿಗಮ್ಮ, ಹೊಟ್ಟೆಗಲ್ಲ" ಎಂದೆ. ಪಕ್ಕದ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು; ನಾನೂ ನಕ್ಕೆ. ಅವರೆಲ್ಲ ಹೊಸ ಜೀವವೊಂದರ ಸುಳಿವಿಗಾಗಿ ಕಾದಿದ್ದರು. ನಾನು ಎಂಥ ಸುಳಿವಿಗಾಗಿ ಕಾದಿದ್ದೆನೆಂಬುದನ್ನು ಯೋಚಿಸಲು ಧೈರ್ಯ ಸಾಲದೆ, ಗೋಡೆಯ ಮೇಲಿದ್ದ ಫಲಕದ ಕಾಗುಣಿತವನ್ನು ಮೂರು ಸಲ ಪರೀಕ್ಷಿಸಿದೆ.

ಸ್ಕ್ಯಾನ್ ಮಾಡುವ ಡಾಕ್ಟರ್ ವಿಶಾಲಾಕ್ಷಿ ನನ್ನದೇ ವಯಸ್ಸಿನ, ಮೆಲುದನಿಯ ಹೆಂಗಸು. ಭುಜದ ಕೆಳಗೆ ದಿಂಬಿಟ್ಟು, ತಲೆಯನ್ನು ಹಿಂದಕ್ಕೆ ಚಾಚಿಸಿ, ಕೊರಳಿಗೆ ತಣ್ಣನೆಯ ಲೋಳೆ ಸವರಿ, ಇಸ್ತ್ರಿಪೆಟ್ಟಿಗೆಯನ್ನು ಆಡಿಸುವಂತೆ ಸಣ್ಣ ಉಪಕರಣವೊಂದನ್ನು ಮೆಲ್ಲಗೆ ಆಡಿಸಿದರು. ನಮ್ಮ ಕಿವಿಗೆ ನಿಲುಕದ ಸದ್ದನ್ನು ಮೈಯೊಳಕ್ಕೆ ಕಳಿಸಿ, ಅದು ತಗುಲಿ ಮರಳಿ ತರುವ ಮಾರ್ದನಿಯಿಂದ ಚಿತ್ರ ಬರೆಯುವ ವಿದ್ಯೆ ಅದು. ಕಿವಿಯ ಕೆಲಸವನ್ನು ಕಣ್ಣಿಗೆ ಒಪ್ಪಿಸುವ ಈ ಚಮತ್ಕಾರವನ್ನು ನಾನು ಮೆಚ್ಚುತ್ತಿರುವಾಗಲೇ ಅವರ ಕೈ ಎಡಕ್ಕೆ ಸರಿದು ಒಂದು ಕಡೆ ನಿಂತುಬಿಟ್ಟಿತು.

"ನನ್ನ ಗಂಟು ಬಲಗಡೆಗಲ್ವಾ ಡಾಕ್ಟ್ರೇ?"

"ಅದನ್ನ ನೋಡಾಯ್ತು. ಇಲ್ಲಿ ಇನ್ನೊಂದಿದೆ. ಚಿಕ್ಕದು, ಹಿಂದಕ್ಕಿದೆ."

ಪರದೆಯನ್ನು ನನ್ನತ್ತ ತಿರುಗಿಸಿ ಅವರು ಎರಡನ್ನೂ ತೋರಿಸಿದರು. ಬಲಗಡೆಯದು ಮೂರು ಸೆಂಟಿಮೀಟರ್, ನೀರು ಹೀರಿದ ಸ್ಪಂಜಿನಂತೆ ತುಂಬ ಪುಟ್ಟ ಪುಟ್ಟ ತೂತುಗಳು, ಅಂಚು ನುಣುಪು. ಎಡಗಡೆಯದು ಹನ್ನೊಂದು ಮಿಲಿಮೀಟರ್ ಅಷ್ಟೇ. ಸುತ್ತಲಿನದಕ್ಕಿಂತ ಕಪ್ಪಾಗಿ, ಹರಿದ ಕಾಗದದ ಅಂಚಿನಂತೆ ಒರಟಾಗಿ, ಒಳಗೆ ಬಿಳಿಯ ರವೆಕಾಳು ಚೆಲ್ಲಿದಂತೆ ಚುಕ್ಕೆಗಳು.

"ಒಳ್ಳೆ ಗಂಟುಗಳು ಸಾಮಾನ್ಯವಾಗಿ ಅಡ್ಡಡ್ಡಕ್ಕೆ ಮಲಗಿರ್ತವೆ" ಎಂದರು ಅವರು. "ಇದು ಎದ್ದು ನಿಂತಿದೆ. ಅಗಲಕ್ಕಿಂತ ಎತ್ತರ ಜಾಸ್ತಿ. ಇಷ್ಟರಿಂದಲೇ ಏನೂ ಹೇಳೋಕಾಗಲ್ಲ, ಆದ್ರೆ ಈ ಲಕ್ಷಣಗಳೆಲ್ಲ ಒಟ್ಟಿಗೆ ಕಂಡ್ರೆ ನಮಗೆ ಅನುಮಾನ ಬರುತ್ತೆ. ಇದಕ್ಕೇ ಸೂಜಿ ಹಾಕಿ, ಒಳಗಿನ ಜೀವಕೋಶ ತೆಗೆದು ಪರೀಕ್ಷೆ ಮಾಡ್ಬೇಕು ಅಂತ ಬರೀತೀನಿ."

ಬರೆದರು ಕೂಡ. ಆದರೆ ವರದಿಯಲ್ಲಿ ದೊಡ್ಡ ಗಂಟು ಮೊದಲು ಬಂತು, ಚಿಕ್ಕದು ಕೆಳಗೆ ಉಳಿಯಿತು. ಆ ವರದಿಯೊಂದಿಗೆ ಬೀದಿಯ ವೈದ್ಯರು ನನ್ನನ್ನು ಕಳಿಸಿದ ಶಸ್ತ್ರವೈದ್ಯರ ಕೋಣೆಯ ಹೊರಗೆ ಅಂದು ಕಾಲಿಡಲು ಜಾಗವಿರಲಿಲ್ಲ. ಅವರು ವರದಿಯ ಮೇಲೆ ಕಣ್ಣಾಡಿಸಿ, ಕೊರಳನ್ನು ಒತ್ತಿ ನೋಡಿ, ಕೈಗೆ ಸಿಕ್ಕ ದೊಡ್ಡ ಗಂಟಿಗೇ ಸೂಜಿ ಹಾಕಿಸಿದರು. ನಾಲ್ಕು ದಿನಕ್ಕೆ ಫಲಿತಾಂಶ ಬಂತು: ದೋಷವಿಲ್ಲ, ಆರು ತಿಂಗಳು ಬಿಟ್ಟು ಬನ್ನಿ. ಮನೆಯಲ್ಲಿ ಆ ದಿನ ಹಬ್ಬ. ಕಡಕೊಳದ ಕಾರ್ಖಾನೆಯಲ್ಲಿ ಮೇಲ್ವಿಚಾರಕರಾಗಿದ್ದ ನಮ್ಮ ಮನೆಯವರು, ಒಂದು ವಾರದಿಂದ ತುಟಿ ಬಿಚ್ಚದಿದ್ದವರು, ಅಡುಗೆಮನೆಗೆ ಬಂದು ತಾವೇ ಶಾವಿಗೆ ಪಾಯಸಕ್ಕೆ ಗೋಡಂಬಿ ಹುರಿದರು. ನಾನೂ ಎರಡು ಬಟ್ಟಲು ಪಾಯಸ ಕುಡಿದೆ. ಭಯಪಟ್ಟ ಮನಸ್ಸು ಸಮಾಧಾನದ ಮಾತನ್ನು ಎಷ್ಟು ಆತುರದಿಂದ ಬಾಚಿಕೊಳ್ಳುತ್ತದೆಂದರೆ, ಆ ಮಾತು ಯಾವ ಪ್ರಶ್ನೆಗೆ ಉತ್ತರವೆಂದು ಕೇಳುವ ವ್ಯವಧಾನವೂ ಅದಕ್ಕಿರುವುದಿಲ್ಲ.

ಆ ವ್ಯವಧಾನ ನನಗೆ ಮರಳಿ ಬಂದದ್ದು ಅಚ್ಚುಕೂಟದಲ್ಲಿ. ಮಾರನೆಯ ವಾರ ಪಠ್ಯಪುಸ್ತಕವೊಂದರ ಕರಡು ನೋಡುತ್ತಿದ್ದೆ. ಪುಟದ ಮೇಲಿನ ಶೀರ್ಷಿಕೆ, ನಡುವಿನ ಪಾಠ ಎಲ್ಲವೂ ಶುದ್ಧವಾಗಿದ್ದವು. ಅಡಿಟಿಪ್ಪಣಿಯಲ್ಲಿ ಮಾತ್ರ ಒಂದು ಸಾಲು ಪೂರ್ತಿ ಬಿಟ್ಟುಹೋಗಿತ್ತು. ಅಂಚಿನಲ್ಲಿ ಕೆಂಪು ಗುರುತು ಹಾಕುತ್ತಿದ್ದ ಕೈ ತಾನಾಗಿ ನಿಂತಿತು. ಪುಟ ಚೆನ್ನಾಗಿದೆಯೆಂದು ನಾನೆಂದೂ ಅರ್ಧ ಪುಟ ಓದಿ ಸಹಿ ಹಾಕಿದವಳಲ್ಲ. ಹಾಗಿದ್ದ ಮೇಲೆ ನನ್ನ ಕೊರಳಿನ ವರದಿಗೇಕೆ ಹಾಕಿದೆ? ಮನೆಗೆ ಬಂದು ಲಕೋಟೆ ತೆಗೆದು, ಇಂಗ್ಲಿಷಿನ ಆ ಹಾಳೆಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಕೊನೆಯವರೆಗೂ ಓದಿದೆ. ಸೂಜಿ ಬಿದ್ದಿದ್ದು ಬಲಗಡೆಗೆ. ಸೂಜಿ ಹಾಕಬೇಕೆಂದು ಬರೆದಿದ್ದುದು ಎಡಗಡೆಗೆ.

ನಮ್ಮ ಮನೆಯವರಿಗೆ ಹೇಳಿದಾಗ ಅವರ ಮುಖ ಇಳಿದುಹೋಯಿತು. "ಏನೂ ಇಲ್ಲ ಅಂದಿದ್ದಾರಲ್ಲ ಗಿರಿಜಾ, ಸುಮ್ನೆ ಯಾಕೆ ಕೆದಕ್ತೀಯ?"

"ಏನೂ ಇಲ್ಲ ಅಂದಿದ್ದು ಬಲಗಡೆದಕ್ಕೆ ಕಣ್ರೀ. ಇದನ್ನ ಯಾರೂ ಕೇಳೇ ಇಲ್ಲ."

"ಇನ್ನೊಂದ್ಸಲ ಆ ನಾಲ್ಕು ದಿನ ಕಾಯೋಕೆ ನನ್ನ ಕೈಲಾಗಲ್ಲ" ಎಂದು ಅವರು ಎದ್ದು ಹೋದರು. ಸಿಟ್ಟಲ್ಲ ಅದು, ಪುಕ್ಕಲು. ಅವರ ಪುಕ್ಕಲಿನ ತೂಕವೂ ನನ್ನ ಕೊರಳಿನ ಮೇಲೇ ಬಿದ್ದಂತಾಗಿ ಒಂದು ಕ್ಷಣ ಸಾಕೆನಿಸಿತು. ಆದರೆ ನಾನು ನಿಶ್ಚಯಿಸಿಯಾಗಿತ್ತು. ಮರುದಿನ ಅಚ್ಚುಕೂಟಕ್ಕೆ ರಜೆ ಹಾಕಿ, ಒಬ್ಬಳೇ ಶಸ್ತ್ರವೈದ್ಯರ ಮುಂದೆ ಹೋಗಿ ಕುಳಿತು, ವರದಿಯ ಕೆಳಗಿನ ಸಾಲುಗಳ ಮೇಲೆ ಬೆರಳಿಟ್ಟೆ.

"ಇದು ಕೈಗೇ ಸಿಗಲ್ಲಮ್ಮ" ಎಂದರು ಅವರು, ಕೊರಳನ್ನು ಮತ್ತೊಮ್ಮೆ ಒತ್ತಿ ನೋಡಿ. "ಸ್ಕ್ಯಾನ್ ಮಾಡ್ತಾ ಹೋದ್ರೆ ಊರಲ್ಲಿ ಎಷ್ಟೋ ಜನಕ್ಕೆ ಇಂಥ ಸಣ್ಣಪುಟ್ಟವು ಸಿಗ್ತವೆ. ಎಲ್ಲಕ್ಕೂ ಚುಚ್ಚೋಕಾಗುತ್ತಾ?"

"ಎಲ್ಲಕ್ಕೂ ಬೇಡ ಸಾರ್. ಇದಕ್ಕೆ ಚುಚ್ಚಬೇಕು ಅಂತ ನೋಡಿದವರೇ ಬರ್ದಿದ್ದಾರೆ. ಕೈಗೆ ಸಿಗದೇ ಇರಬಹುದು, ಕಣ್ಣಿಗೆ ಸಿಕ್ಕಿದೆಯಲ್ಲ."

ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಈ ಸಲ ಹಾಳೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ಓದಿದರು. ಓದಿ, ಸ್ಕ್ಯಾನಿನ ಪರದೆ ನೋಡುತ್ತಲೇ ಎಡಗಡೆಯ ಗಂಟಿಗೆ ಸೂಜಿ ಹಾಕಬೇಕೆಂದು ವಿಶಾಲಾಕ್ಷಿಯವರಿಗೆ ಚೀಟಿ ಬರೆದರು.

ಸೂಜಿ ಹಾಕುವ ದಿನ ಸಿದ್ಧಾರ್ಥನಗರಕ್ಕೆ ನಾನು ಬಸ್ಸಿನಲ್ಲಿ ಒಬ್ಬಳೇ ಹೋದೆ. ಹೆಸರು ಕೂಗುವ ಹೊತ್ತಿಗೆ ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು, ಕಾರ್ಖಾನೆಯ ನೀಲಿ ಅಂಗಿಯಲ್ಲೇ. "ಪಾಳಿ ಬದಲಾಯಿಸ್ಕೊಂಡು ಬಂದ್ಬುಟ್ಟೆ" ಎಂದರು. ಅಷ್ಟೇ. ಬಸುರಿಯರ ಸಾಲಿನ ಕೊನೆಗೆ, ಮೊಣಕಾಲುಗಳ ಮೇಲೆ ಎರಡು ಕೈಯನ್ನೂ ಊರಿ ಕುಳಿತರು.

"ನುಂಗಬೇಡಿ, ಮಾತಾಡಬೇಡಿ, ಪರದೆ ನೋಡ್ತಿರಿ" ಎಂದರು ವಿಶಾಲಾಕ್ಷಿ. ನೋಡಿದೆ. ಬೂದುಬಣ್ಣದ ಆ ಲೋಕದೊಳಗೆ ಸೂಜಿ ಒಂದು ಬೆಳ್ಳಿಗೆರೆಯಾಗಿ ಇಳಿದು, ಕತ್ತಲ ಚುಕ್ಕೆಯ ಒಳಹೊಕ್ಕಿತು. ನೋವಿಗಿಂತ ಹೆಚ್ಚಾಗಿ ನನಗಾದದ್ದು ಒಂದು ವಿಚಿತ್ರ ತೃಪ್ತಿ. ಉತ್ತರ ಏನೇ ಬರಲಿ, ಪ್ರಶ್ನೆಯನ್ನಾದರೂ ಸರಿಯಾದ ಗಂಟಿನ ಮುಂದೆ ಇಟ್ಟೆವಲ್ಲ!

ಉತ್ತರ ಕ್ಯಾನ್ಸರ್ ಎಂದು ಬಂತು. ನಿಧಾನಕ್ಕೆ ಬೆಳೆಯುವ ಜಾತಿ, ಬೇಗ ತೆಗೆದರೆ ಗುಣವಾಗುವಂಥದು ಎಂದು ಶಸ್ತ್ರವೈದ್ಯರು ಬಿಡಿಸಿ ಹೇಳಿದರೂ, ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮಗುವಿನಂತೆ ಅತ್ತರು. ನಾನು ಅವರ ಬೆನ್ನು ಸವರುತ್ತ ನಿಂತಿದ್ದೆ. ಅಳು ನನಗೆ ಬರಲಿಲ್ಲ. ಹೆಸರಿಲ್ಲದ ಹೆದರಿಕೆಗಿಂತ ಹೆಸರಿರುವ ಶತ್ರು ವಾಸಿಯೆಂದು ಮನಸ್ಸು ಆಗಲೇ ಸೊಂಟ ಕಟ್ಟಿತ್ತು. ಎರಡು ವಾರದಲ್ಲಿ ಗ್ರಂಥಿಯನ್ನು ಪೂರ್ತಿ ತೆಗೆದರು. ಆರೇಳು ವಾರ ನನ್ನ ದನಿ ಗೊಗ್ಗರಾಗಿತ್ತು. ಹಾಲಿನವನನ್ನು ಕೂಗಿದರೆ ಅವನು ಬೇರೆ ಯಾರೋ ಎಂದು ಸುತ್ತ ನೋಡುತ್ತಿದ್ದ. ಆಮೇಲೆ ದನಿ ಮರಳಿತು, ಸ್ವಲ್ಪ ಗಡುಸಾಗಿ. ತೆಗೆದ ಗ್ರಂಥಿಯ ಬದಲಿಗೆಂದು ಬೆಳಗೆದ್ದು ಖಾಲಿ ಹೊಟ್ಟೆಗೆ ಒಂದು ಮಾತ್ರೆ ನುಂಗುವುದು ಹಲ್ಲುಜ್ಜಿದಷ್ಟೇ ಸಹಜವಾಯಿತು.

ಹೊಲಿಗೆ ಬಿಚ್ಚಿದ ದಿನ ಶಸ್ತ್ರವೈದ್ಯರು ತಾವಾಗಿಯೇ ಮಾತು ತೆಗೆದರು. "ನಾನು ನಿಮ್ಮನ್ನ ಆರು ತಿಂಗಳಿಗೆ ಅಂತ ಕಳಿಸಿಬಿಟ್ಟಿದ್ದೆ, ಅವತ್ತು ನೀವಾಗೇ ವಾಪಸ್ ಬರದೇ ಇದ್ದಿದ್ರೆ ಅಲ್ಲೀವರೆಗೆ ಇದು ಗೊತ್ತೇ ಆಗ್ತಿರ್ಲಿಲ್ಲ. ತಪ್ಪು ನಂದು." ಮೈಸೂರಿನ ದೊಡ್ಡ ಮನುಷ್ಯರ ಬಾಯಲ್ಲಿ ಅಷ್ಟು ಚಿಕ್ಕ ವಾಕ್ಯವನ್ನು ನಾನು ಕೇಳಿದ್ದು ಅಪರೂಪ. ಅವರ ಮೇಲೆ ಉಳಿದಿದ್ದ ಸಿಟ್ಟು ಅಲ್ಲಿಗೆ ಕರಗಿತು.

ಇಷ್ಟು ಕೇಳಿದ ಮೇಲೆ, ಗಂಟು ಕಂಡಲ್ಲೆಲ್ಲ ಕತ್ತರಿ ಹಿಡಿಯಬೇಕೆಂದು ನಾನು ಹೇಳುತ್ತಿರುವೆನೆಂದು ನೀವು ತಿಳಿದರೆ, ನನ್ನ ತಂಗಿ ದಾಕ್ಷಾಯಿಣಿಯ ಮಾತೂ ಹೇಳಿಬಿಡಬೇಕು. ಮೂರು ವರ್ಷದ ನಂತರ ಅವಳ ಕೊರಳಿನಲ್ಲೂ ಉಬ್ಬು ಕಾಣಿಸಿಕೊಂಡಿತು. ನನ್ನ ಕಥೆಯನ್ನು ಹತ್ತಿರದಿಂದ ಕಂಡಿದ್ದ ಅವಳು ಹೆದರಿ ಅರ್ಧವಾಗಿದ್ದಳು. ಸ್ಕ್ಯಾನ್ ಆಗಿ, ಸೂಜಿ ಪರೀಕ್ಷೆಯಾಗಿ, ಎಲ್ಲವೂ ಶುದ್ಧವೆಂದು ಬಂದ ಮೇಲೂ "ತೆಗ್ಸಿಬುಡ್ತೀನಿ ಅಕ್ಕ, ಇದನ್ನ ಇಟ್ಕೊಂಡು ನಿದ್ದೆ ಬರಲ್ಲ" ಎಂದು ಹಟ ಹಿಡಿದಳು. ಅವಳ ವರದಿಯನ್ನು ನಾನು ಮೊದಲ ಅಕ್ಷರದಿಂದ ಕೊನೆಯ ಚುಕ್ಕಿಯವರೆಗೆ ಓದಿದೆ. ಒಂದೇ ಗಂಟು, ಸ್ಪಂಜಿನಂಥದು, ನುಣುಪಂಚಿನದು, ಅಡ್ಡಕ್ಕೆ ಮಲಗಿದ್ದು. ಸಾಲದೆಂದು ಅವಳನ್ನು ವಿಶಾಲಾಕ್ಷಿಯವರ ಬಳಿಗೆ ಕರೆದುಕೊಂಡು ಹೋದೆ. ಅವರು ಪರದೆ ತಿರುಗಿಸಿ ಅವಳಿಗೂ ತೋರಿಸಿ, "ವರ್ಷಕ್ಕೊಂದ್ಸಲ ಬಂದು ತೋರಿಸ್ಕೊಂಡು ಹೋಗಿ, ಸಾಕು" ಎಂದರು.

ಕೆದಕಲು ಬೇಕಾದ ಗಟ್ಟಿತನವನ್ನು ನಾನು ಬಲ್ಲೆ. ಕೆದಕದೆ ಇರಲು ಅದಕ್ಕಿಂತ ಹೆಚ್ಚಿನ ಗಟ್ಟಿತನ ಬೇಕೆಂದು ನನಗೆ ತಿಳಿದದ್ದು ಆ ಮಧ್ಯಾಹ್ನ, ಸ್ಕ್ಯಾನಿಂಗ್ ಕೇಂದ್ರದ ಹೊರಗೆ, ಹೊಂಗೆ ಮರದ ನೆರಳಿನಲ್ಲಿ ತಂಗಿಯ ಜೊತೆ ನಿಂತಾಗ. ತೆಗೆಸು ಎಂದಿದ್ದರೆ ನನ್ನ ಮೇಲೆ ಯಾವ ಹೊಣೆಯೂ ಇರುತ್ತಿರಲಿಲ್ಲ.

ಅವಳು ನನ್ನ ಕೈ ಹಿಡಿದುಕೊಂಡಳು.

"ತೆಗ್ಸದೆ ಬುಡ್ಲಾ ಹಾಗಾದ್ರೆ, ಅಕ್ಕ?"

ಗಡುಸಾದ ನನ್ನ ಹೊಸ ದನಿಯಲ್ಲಿ, ಅವಳ ಕಣ್ಣನ್ನೇ ನೋಡುತ್ತ ಹೇಳಿದೆ: "ಬುಡು."