ಬೆರಳಿನ ಬೂಟು ಹಾಕಿಕೊಂಡು ಗಂಗೆಗೆ

ರೈಲು ಇದ್ದದ್ದು ಸಂಜೆ ಏಳೂಕಾಲಿಗೆ. ಬೂಟು ಕೊಳ್ಳಲು ಬನಶಂಕರಿ ಎರಡನೇ ಹಂತದ ನಮ್ಮ ಮನೆಯಿಂದ ಹೊರಟದ್ದು ಅದೇ ದಿನ ಬೆಳಿಗ್ಗೆ ಹನ್ನೊಂದಕ್ಕೆ. ನಮ್ಮವರ ಕೆಲಸವೆಲ್ಲ ಹೀಗೆಯೇ. ಒಂದು ತಿಂಗಳಿಂದ ಬಡಕೊಳ್ಳುತ್ತಿದ್ದೆ. ಈ ಭಾನುವಾರ, ಮುಂದಿನ ಭಾನುವಾರ ಅಂತ ತಳ್ಳಿಕೊಂಡು ಬಂದರು. ಮೆಟ್ರೋ ಕೆಲಸಕ್ಕೆ ರಸ್ತೆಯ ನಡುವೆ ತಗಡಿನ ಬೇಲಿ ಹಾಕಿದ್ದ ಕಾಲ ಅದು. ಜಯನಗರ ದಾಟಿ ಜೆ.ಪಿ. ನಗರದ ಅಂಗಡಿ ಮುಟ್ಟುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು.

ನಾನು ಜಯನಗರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಆಗ ನನಗೆ ಮೂವತ್ತೆಂಟು ವರ್ಷ. ಹದಿನಾಲ್ಕು ವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೀಟಿ ಊದಿ ಸಾಕಾಗಿಹೋಗಿತ್ತು. ತಲಘಟ್ಟಪುರದಲ್ಲಿ ಆಫೀಸಿಟ್ಟುಕೊಂಡು ಕಾವೇರಿಯಲ್ಲಿ ರ‍್ಯಾಫ್ಟಿಂಗ್ ನಡೆಸುತ್ತಿದ್ದ ಕ್ಯಾಂಪಿನವರು ಹೆಂಗಸರ ತಂಡಗಳಿಗೆ ಒಬ್ಬ ಗೈಡ್ ಬೇಕು ಅಂದಿದ್ದರು. ಹೃಷಿಕೇಶದ ಮೇಲಿನ ಗಂಗೆಯಲ್ಲಿ ಎಂಟು ದಿನದ ತರಬೇತಿ, ಕೊನೆಗೆ ಪರೀಕ್ಷೆ. ಪಾಸಾಗಿ ಸರ್ಟಿಫಿಕೇಟ್ ತಂದರೆ ಕೆಲಸ ನನಗೆ. ಇಷ್ಟು ಆಸೆಪಟ್ಟು ಯಾವುದನ್ನೂ ನಾನು ಬಯಸಿರಲಿಲ್ಲ.

ತರಬೇತಿಯವರು ಕಳಿಸಿದ ಪಟ್ಟಿಯಲ್ಲಿ ಬೂಟಿನ ಬಗ್ಗೆಯೇ ನಾಲ್ಕು ಸಾಲು ಇತ್ತು. ಅಡಿ ತೆಳುವಾಗಿರಬೇಕು, ಬಂಡೆ ಕಾಲಿಗೆ ಗೊತ್ತಾಗಬೇಕು. ಚಳಿ ನೀರನ್ನು ತಡೆಯಬೇಕು. ಒಂದೊಂದು ಬೆರಳಿಗೂ ಬೇರೆ ಜೇಬಿರುವ ಬೂಟಾದರೆ ಉತ್ತಮ. ಅಂಥದ್ದು ಆಗ ಬೆಂಗಳೂರಿಗೆ ಹೊಸದು. ಗಾಜಿನ ಪೆಟ್ಟಿಗೆಯೊಳಗೆ ಅದನ್ನು ಕಂಡು ನಮ್ಮವರು, "ಇದೇನೇ, ಕಪ್ಪೆ ಕಾಲಿದ್ದ ಹಾಗಿದೆ" ಅಂದು ನಕ್ಕರು.

ಅಂಗಡಿಯ ಬಸವರಾಜ ಹುಬ್ಬಳ್ಳಿ ಕಡೆಯವನು. ಬಿ.ಟಿ.ಎಂ.ನಲ್ಲಿ ಬಾಡಿಗೆಗಿದ್ದ. ರಜಾ ಬಂದರೆ ತಾನೂ ಕಾವೇರಿಗೆ ಇಳಿಯುವವನಾದ್ದರಿಂದ ವ್ಯಾಪಾರಕ್ಕಿಂತ ವಿಷಯ ಜಾಸ್ತಿ ಹೇಳಿದ. ಎರಡು ಬಗೆ ಇಟ್ಟ. ಒಂದು ಜಾಳು ಬಟ್ಟೆಯದು, ಬೇಗ ಒಣಗುತ್ತದೆ, ಬೇಸಿಗೆಯ ನೀರಿಗೆ ಸರಿ. ಇನ್ನೊಂದು ಒಳಗೆ ಮೂರು ಮಿಲಿಮೀಟರ್ ರಬ್ಬರಿನಂಥ ಸ್ಪಂಜಿರುವುದು.

"ಚಳಿ ನೀರಿಗೆ ಇದನ್ನ ತಗೋರಿ ಮೇಡಂ. ಒಳಗ ಸ್ವಲ್ಪ ನೀರು ಬರತೈತಿ, ಕಾಲಿನ ಬಿಸಿಗೆ ಅದೂ ಬೆಚ್ಚಗ ಆಗತೈತಿ. ಆದರ ಬಿಗಿ ಇರಬೇಕ್ರಿ. ಸಡಿಲಾದ್ರ ಹೊಸಾ ನೀರು ನುಗ್ಗತಾನ ಇರತೈತಿ, ಕಾಲು ಮರಗಟ್ಟತಾವು."

ನನ್ನ ಅಳತೆಯದು ತಂದುಕೊಟ್ಟ. ಹೆಬ್ಬೆರಳು ಸಲೀಸಾಗಿ ಹೋಯಿತು. ಎರಡನೇ ಬೆರಳು ಅರ್ಧಕ್ಕೆ ನಿಂತಿತು, ಕಾಲುಂಗುರ ಅಡ್ಡ. ಬಸವರಾಜ ತಲೆ ಎತ್ತದೆ, "ಉಂಗುರ ತಗದು ಹಾಕೋರಿ, ಸರಿಯಾಗಿ ಕೂಡತೈತಿ" ಅಂದ. ಬಾಯಿ ಬಿಟ್ಟ ಉಂಗುರ ಅದು. ಕೊಂಚ ಅಗಲಿಸಿದರೆ ಬರುತ್ತಿತ್ತು. ನಾನು ಬಗ್ಗಿದೆ.

"ಬೇಡ" ಅಂದರು ನಮ್ಮವರು.

"ಎಂಟು ದಿನ ಅಲ್ವೇನ್ರೀ. ಬಂದ ಮೇಲೆ ಹಾಕ್ಕೋತೀನಿ."

"ಅಮ್ಮ ಬೇಜಾರು ಮಾಡ್ಕೋತಾರೆ."

"ಅವರಿಗೆ ಹೇಗೆ ಗೊತ್ತಾಗತ್ತೆ?"

"ನಂಗೆ ಗೊತ್ತಾಗತ್ತಲ್ಲ" ಅಂದು ಬಸವರಾಜನ ಕಡೆ ತಿರುಗಿ, "ಒಂದು ಸೈಜ್ ದೊಡ್ಡದು ಕೊಡಪ್ಪ" ಅಂದರು.

ಹೆಂಡತಿ ಗಂಗೆಯಲ್ಲಿ ರ‍್ಯಾಫ್ಟಿಂಗ್ ಮಾಡ್ತಾಳೆ ಅಂತ ಆಫೀಸಿನಲ್ಲೆಲ್ಲ ಹೇಳಿಕೊಂಡು ಓಡಾಡಿದ್ದವರು ಇವರೇ. ಬಸವರಾಜ ಒಂದು ಸಲ ನನ್ನ ಮುಖ ನೋಡಿದ. ನಾನು ಚಪ್ಪಲಿ ಮೆಟ್ಟಿಕೊಂಡೆ. ದೊಡ್ಡದನ್ನು ಕಟ್ಟಿಕೊಟ್ಟ.

ದೆಹಲಿಗೆ ಎರಡು ರಾತ್ರಿ. ಸ್ಲೀಪರ್ ಬೋಗಿ, ಕಿಟಕಿಯ ಸೀಟು. ಮೊದಲ ದಿನ ಅತ್ತೆ ಕಟ್ಟಿಕೊಟ್ಟ ಚಪಾತಿ, ಹುರಿಟ್ಟು. ಭೋಪಾಲ್ ದಾಟಿದ ಮೇಲೆ ಗಾಳಿ ಬದಲಾಯಿತು, ಬ್ಯಾಗಿನಿಂದ ಸ್ವೆಟರ್ ತೆಗೆದು ಹಾಕಿಕೊಂಡೆ. ಬೋಗಿಯಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇರಲಿಲ್ಲ. ಉಂಗುರ ಬಿಚ್ಚಿ ಪರ್ಸಿಗೆ ಹಾಕಿಕೊಂಡಿದ್ದರೆ ಕೇಳುವವರಿರಲಿಲ್ಲ. ಎರಡು ಸಲ ಬಗ್ಗಿ ಬೆರಳು ಮುಟ್ಟಿದೆ. ತೆಗೆದರೆ ಅಲ್ಲಿ ಇವರಿಗೆ ಏನಾದರೂ ಆಗಿಬಿಟ್ಟರೆ ಅನ್ನುವ ದಿಗಿಲು. ಮಕ್ಕಳಿಗೆ ದಿನಾ ಧೈರ್ಯ ಹೇಳುವ ಟೀಚರ್ ನಾನು, ನಾಚಿಕೆಯಾಗುತ್ತದೆ ಬರೆಯಲಿಕ್ಕೆ.

ದೆಹಲಿಯಿಂದ ಹೃಷಿಕೇಶಕ್ಕೆ ಬಸ್ಸಿನಲ್ಲಿ ಏಳು ಗಂಟೆ. ಅಲ್ಲಿಂದ ಹದಿನಾರು ಕಿಲೋಮೀಟರ್ ಮೇಲೆ, ಮರಳಿನ ದಂಡೆಯಲ್ಲಿ ಕ್ಯಾಂಪು. ಫೆಬ್ರವರಿಯ ಗಂಗೆ ಹಸಿರು, ನೋಡಲು ಏನು ಚೆಂದ. ಕೈ ಅದ್ದಿದರೆ ಮೂಳೆ ನೋಯುತ್ತದೆ. ನಾವು ಆರು ಜನ ಕಲಿಯುವವರು, ಹೆಂಗಸು ನಾನೊಬ್ಬಳೇ. ಕಲಿಸುವವರು ನೇಗಿ ಅಂತ, ಅಲ್ಲಿಯ ಪಹಾಡಿ, ಬೆಟ್ಟದ ಮನುಷ್ಯ, ಮಾತು ಕಮ್ಮಿ. ಎಲ್ಲ ಹಿಂದಿಯಲ್ಲೇ. ನನ್ನನ್ನು ದೀದಿ ಅನ್ನುತ್ತಿದ್ದರು.

ಮೊದಲ ದಿನವೇ ಬಸವರಾಜನ ಮಾತು ನಿಜವಾಯಿತು. ಹೆಜ್ಜೆ ಹೆಜ್ಜೆಗೂ ಹೊಸ ನೀರು ಬೂಟಿನೊಳಗೆ ನುಗ್ಗುತ್ತಿತ್ತು, ಜೊತೆಗೆ ಮರಳು. ಬೆರಳ ಜೇಬುಗಳ ತುದಿ ಖಾಲಿ ಉಳಿದು ಮಡಚಿಕೊಳ್ಳುತ್ತಿತ್ತು. ಉಂಗುರದ ಬೆರಳಿನ ಜೇಬು ಮಾತ್ರ ಬಿಗಿ. ಹತ್ತು ನಿಮಿಷಕ್ಕೆ ಪಾದ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಮೂರನೇ ದಿನ ನೇಗಿ ನನ್ನ ಬೂಟಿನ ಮೂತಿ ಹಿಡಿದು ಎಳೆದು ನೋಡಿದರು. "ಇದು ದೊಡ್ಡದಾಯ್ತು ದೀದಿ. ಯಾರು ಕೊಟ್ಟರು?" ಅಂಗಡಿಯವನು ತಪ್ಪು ಸೈಜ್ ಕೊಟ್ಟುಬಿಟ್ಟ ಅಂದೆ. ಪಾಪ, ಬಸವರಾಜ. ಅವತ್ತು ಎರಡು ಜೊತೆ ಉಣ್ಣೆ ಕಾಲುಚೀಲ ತುರುಕಿ ಹಾಕಿಕೊಳ್ಳಲು ಹೋದೆ. ಬೆರಳು ಬೇರೆ ಬೇರೆ ಇರುವ ಬೂಟಿಗೆ ಮಾಮೂಲಿ ಕಾಲುಚೀಲ ಎಲ್ಲಿ ಹೋದೀತು? ಕಿತ್ತು ಬಿಸಾಕಿದೆ.

ಹಾಗಂತ ನಾನು ದಡ್ಡಿಯೇನಲ್ಲ. ಹುಟ್ಟು ಹಾಕುವುದರಲ್ಲಿ, ಸುಳಿ ಗುರುತಿಸುವುದರಲ್ಲಿ ಆರು ಜನರಲ್ಲಿ ಮುಂದಿದ್ದೆ. ಆರನೇ ದಿನ ರ‍್ಯಾಫ್ಟನ್ನು ನನ್ನ ಕೈಗೇ ಕೊಟ್ಟು, ಇಳಿದ ಮೇಲೆ ನೇಗಿ, "ನೀರು ನಿಮಗೆ ಅರ್ಥ ಆಗುತ್ತೆ" ಅಂದರು. ಆ ದಿನ ಊಟಕ್ಕೆ ರಾಜ್ಮಾ ಅನ್ನ. ಎರಡು ತಟ್ಟೆ ಉಂಡೆ, ಅಷ್ಟು ಖುಷಿ ನನಗೆ.

ಎಂಟನೇ ದಿನ ಪರೀಕ್ಷೆ. ರ‍್ಯಾಫ್ಟಿನಿಂದ ಹಾರಿ ಈಜಿ ದಡ ಸೇರಬೇಕು. ಬಂಡೆಗಳ ಮೇಲೆ ಓಡಿ ಕೆಳಗೆ ಹೋಗಬೇಕು. ಹೊಳೆಯಲ್ಲಿ ತೇಲಿ ಬರುವವನಿಗೆ ಹಗ್ಗದ ಚೀಲ ಎಸೆದು ಎಳೆದುಕೊಳ್ಳಬೇಕು. ಈಜಿದೆ, ದಡ ಹತ್ತಿದೆ. ಓಡುವಾಗ ಬಲಗಾಲಿನ ಬೂಟಿನ ಖಾಲಿ ತುದಿ ಬಂಡೆಯ ಸಂದಿಗೆ ಸಿಕ್ಕಿತು. ಪಾದ ಮರಗಟ್ಟಿತ್ತು, ಸಿಕ್ಕಿದ್ದು ತಿಳಿಯಲೇ ಇಲ್ಲ. ಮುಖ ಅಡಿಯಾಗಿ ಬಿದ್ದೆ. ಎದ್ದು ಹಗ್ಗ ಎಸೆಯುವಷ್ಟರಲ್ಲಿ ತೇಲಿ ಬಂದವನು ಇಪ್ಪತ್ತು ಮಾರು ದಾಟಿಹೋಗಿದ್ದ. ಕೆಳಗಿದ್ದ ಇನ್ನೊಂದು ರ‍್ಯಾಫ್ಟಿನವರು ಅವನನ್ನು ಹಿಡಿದುಕೊಂಡರು.

"ಇನ್ನೊಂದು ಅವಕಾಶ ಕೊಡಿ ಸಾರ್" ಅಂತ ಕೇಳಿದೆ. ಬೇಡಿಕೊಂಡೆ ಅಂದರೂ ಸರಿಯೇ.

ನೇಗಿ ತಲೆ ಅಲ್ಲಾಡಿಸಿದರು. "ನಿಮ್ಮನ್ನ ನಂಬಿ ಹೆಂಗಸರನ್ನ ನೀರಿಗೆ ಕಳಿಸ್ತಾರೆ ದೀದಿ. ಅವರಿಗೆ ಇನ್ನೊಂದು ಅವಕಾಶ ಇರಲ್ಲ."

ಬೂಟು ಕಳಚಿದಾಗ ನೀರಿನ ಜೊತೆ ರಕ್ತ ಬಂತು. ಉಂಗುರ ತಿರುಗಿ, ಬಾಯಿಯ ಅಂಚು ಮಾಂಸದೊಳಗೆ ಇಳಿದಿತ್ತು. ಬೆರಳು ಊದಿ ಕಪ್ಪಾಗುತ್ತ ಬಂದಿತ್ತು. ಅಡುಗೆಯವನ ಹತ್ತಿರವಿದ್ದ ತಂತಿ ಕತ್ತರಿಸುವ ಇಕ್ಕಳದಿಂದ ನೇಗಿಯೇ ಉಂಗುರ ಕತ್ತರಿಸಿದರು. ಇದನ್ನು ಮೊದಲ ದಿನವೇ ಯಾಕೆ ತೆಗೆಯಲಿಲ್ಲ ಅಂತ ಕೇಳಿದರು. ನಾನು ಬೂಟಿನೊಳಗಿನ ಮರಳು ಕೊಡವಿದೆ. ನನಗೆ ನಮ್ಮವರ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಅದಕ್ಕಿಂತ ಜಾಸ್ತಿ ನನ್ನ ಮೇಲೆ.

ವಾಪಸ್ ರೈಲಿನಲ್ಲಿ ಕಾಲು ಎದುರಿನ ಸೀಟಿಗೆ ಚಾಚಿಕೊಂಡೇ ಬಂದೆ. ಊಟ ಸೇರಲಿಲ್ಲ. ಬೆರಳಿಗೆ ಪೆಟ್ಟಾಯಿತು, ಉಂಗುರ ಕತ್ತರಿಸಿದರು ಅಂತ ಫೋನಿನಲ್ಲಿ ಇವರಿಗೆ ಹೇಳಿದ್ದೆ. ಪರೀಕ್ಷೆಯ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮೂರನೇ ದಿನ ಮಧ್ಯಾಹ್ನ ಸಿಟಿ ಸ್ಟೇಷನ್ನು. ನಮ್ಮವರು ಬ್ಯಾಗ್ ಇಸಿದುಕೊಂಡು ಬ್ಯಾಂಡೇಜು ನೋಡಿದರು. ಆಟೋ ಹತ್ತಿದ ಮೇಲೆ ಡ್ರೈವರಿಗೆ, "ಜಯನಗರ ಫೋರ್ತ್ ಬ್ಲಾಕ್ ಮೇಲೆ ಹೋಗಪ್ಪ" ಅಂದರು.

ಆಟೋ ನಿಂತದ್ದು ಬೆಳ್ಳಿ ಅಂಗಡಿಯ ಮುಂದೆ.

"ಅಮ್ಮ ನೋಡೋಕೆ ಮುಂಚೆ ಒಂದು ಜೊತೆ ಹಾಕ್ಕೊಂಡುಬಿಡು."

"ಬೆರಳು ಸುತ್ತಿದೆಯಲ್ಲರೀ."

"ಪಕ್ಕದ ಬೆರಳಿಗೆ ಹಾಕ್ಕೋ, ಏನಾಗತ್ತೆ?"

"ಮೊದಲು ಪಾಸಾಯ್ತಾ ಅಂತ ಕೇಳಿ."

"ಪಾಸಾಯ್ತಾ?"

"ಇಲ್ಲ."

"ಸರಿ, ಇಳಿ. ಹತ್ತು ನಿಮಿಷ ಅಷ್ಟೇ" ಅಂದು ತಾವು ಇಳಿದು ಅಂಗಡಿಯ ಮೆಟ್ಟಿಲು ಹತ್ತಿದರು.

"ಬನಶಂಕರಿಗೆ ನಡೀರಿ ಅಣ್ಣ" ಅಂದೆ. ಡ್ರೈವರ್, "ಸಾರ್ ಬರ್ಲಿಲ್ವಲ್ಲ ಮೇಡಂ" ಅಂದ. "ಬರ್ತಾರೆ, ನೀವು ನಡೀರಿ." ತಿರುಗಿ ನೋಡಿದೆ. ಗಾಜಿನ ಆಚೆ ನಮ್ಮವರು ಕೌಂಟರಿನ ಮೇಲೆ ಬಗ್ಗಿ ಉಂಗುರ ಆರಿಸುತ್ತಿದ್ದರು.

ಮನೆಯಲ್ಲಿ ಬಾಗಿಲು ತೆಗೆದವರು ಅತ್ತೆ. ಅವರ ಕಣ್ಣು ನೆಟ್ಟಗೆ ಪಾದಕ್ಕೇ ಹೋಯಿತು. ನನ್ನನ್ನು ಕೂರಿಸಿ, ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಬ್ಯಾಂಡೇಜಿನ ಅಂಚು ಬಿಡಿಸಿ ನೋಡಿದರು.

"ಉಂಗುರ ಕಚ್ಚಿದ್ದಾ?"

"ಹೂಂ. ಕತ್ತರಿಸಬೇಕಾಯ್ತು ಅತ್ತೆ."

"ಅಯ್ಯೋ ಹುಚ್ಚಿ, ನೀರಿಗೆ ಇಳಿಯೋಳು ತೆಗೆದಿಟ್ಟು ಹೋಗಬಾರದಿತ್ತೇ? ಇವನು ಹೊಟ್ಟೇಲಿದ್ದಾಗ ನಂಗೂ ಕಾಲು ಊದಿತ್ತು. ನಾಲ್ಕು ತಿಂಗಳು ತೆಗೆದು ಡಬ್ಬೀಲಿ ಹಾಕಿಟ್ಟಿದ್ದೆ. ಯಾರಿಗೇನಾಯ್ತು?"

ಇಷ್ಟು ದಿನದಿಂದ ತಡೆದುಕೊಂಡಿದ್ದ ಅಳು ಆಗ ಬಂತು. ಗಾಯ ಉರಿಯುತ್ತಿದೆ ಅಂದುಕೊಂಡು ಅತ್ತೆ ಅರಿಶಿನ ತರಲು ಒಳಗೆ ಹೋದರು.