ಹುಲಿಗೆಮ್ಮ ಗುರುತಿಸಿದ ಬೆರಳು

ಹುಲಿಗೆಮ್ಮ ಯಾರ ಮುಖವನ್ನೂ ಮೊದಲು ನೋಡುತ್ತಿರಲಿಲ್ಲ, ಬೆರಳು ನೋಡುತ್ತಿದ್ದಳು. ಸಂತೆಯಲ್ಲಿ ಎತ್ತು ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಹಾಗೆ. ತುರ್ವಿಹಾಳದಲ್ಲಿ ಭತ್ತ ನಾಟಿ ಮಾಡುವ ಹೆಂಗಸರ ಗುಂಪೊಂದಕ್ಕೆ ಅವಳು ಯಜಮಾನಿ. ಕಾಲುವೆಗೆ ನೀರು ಬಂತೆಂದರೆ ಯಾರ ಗದ್ದೆಗೆ ಯಾವತ್ತು ಇಳಿಯಬೇಕು, ಯಾರನ್ನು ಗುಂಪಿಗೆ ಸೇರಿಸಬೇಕು, ಯಾರನ್ನು ಬಿಡಬೇಕು, ಎಲ್ಲಕ್ಕೂ ಅವಳದೇ ಹುಕುಂ. ಹೊಸಬಳೊಬ್ಬಳು ಕೆಲಸ ಕೇಳಿಕೊಂಡು ಬಂದರೆ ಊರು ಕೇಳುತ್ತಿರಲಿಲ್ಲ, ಹೆಸರು ಕೇಳುತ್ತಿರಲಿಲ್ಲ. ಕೈ ಎಳೆದುಕೊಂಡು, ಐದೂ ಬೆರಳ ತುದಿಗಳನ್ನು ತನ್ನ ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಬಾಯಿ ಏನರ ಹೇಳ್ಲಿ, ಬೆರಳು ಸುಳ್ಳು ಹೇಳಂಗಿಲ್ಲ" ಎನ್ನುತ್ತಿದ್ದಳು.

ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಬರೆಯುವಾಗ ಬಹುವಚನ ಕೊಡಬೇಕಿತ್ತು. ಎರಡು ಸಲ ಹಾಗೆ ಬರೆದೂ ನೋಡಿದೆ; ಮನಸ್ಸು ಒಪ್ಪಲಿಲ್ಲ, ಹೊಡೆದು ಹಾಕಿದೆ.

ಗಿಡ್ಡ ಆಳು, ಮೂರು ಗದ್ದೆ ಆಚೆ ಕೇಳುವ ದನಿ, ದವಡೆಯಲ್ಲಿ ಸದಾ ಎಲೆಅಡಿಕೆ. ನಲವತ್ತು ವರ್ಷ ಕೆಸರಿನಲ್ಲಿ ಸಸಿ ಊರಿ ಊರಿ ಅವಳ ಬೆರಳ ತುದಿಗಳು ಹೊಳೆಯ ಕಲ್ಲಿನಂತೆ ನುಣ್ಣಗಾಗಿದ್ದವು. ಗೆರೆ ಎಂಬುದೇ ಇರಲಿಲ್ಲ. ಹೀಗಾಗಿ ರೇಷನ್ ಅಂಗಡಿಯ ಬೆರಳಚ್ಚಿನ ಯಂತ್ರಕ್ಕೂ ಅವಳಿಗೂ ತಿಂಗಳಿಗೊಮ್ಮೆ ಜಗಳ. "ನಾ ಹಚ್ಚಿದ ನೆಲ್ಲು ಇಡೀ ಜಿಲ್ಲಾ ಉಣ್ತೈತಿ. ನನಗ ಮುಷ್ಟಿ ಅಕ್ಕಿ ಕೊಡಾಕ ಈ ಡಬ್ಬಿಗೆ ನನ್ನ ಗುರುತು ಬೇಕಂತ! ನೀ ಯಾರ್ಲೇ ಡಬ್ಬಿ? ನಿಮ್ಮಪ್ಪ ಯಾರು?" ಎಂದು ಅವಳು ಯಂತ್ರವನ್ನು ಬೈಯುತ್ತಿದ್ದರೆ ಸಾಲಿನಲ್ಲಿದ್ದವರು ನಗುತ್ತಿದ್ದರು. ಆಗ ನಾನೂ ನಕ್ಕಿದ್ದೇನೆ.

ನಾನು ತುರ್ವಿಹಾಳಕ್ಕೆ ಮೌನೇಶನ ಹೆಂಡತಿಯಾಗಿ ಹೋದವಳು. ಹುಲಿಗೆಮ್ಮನ ಮನೆ ನಮ್ಮ ಎದುರಿಗೇ. ಹೋದ ಮರುದಿನವೇ ಬಂದು ನನ್ನ ಕೈ ಹಿಡಿದು ಉಜ್ಜಿ ನೋಡಿ, "ಏ ಮೌನೇಶ, ಹೆಂಡ್ತಿ ತಂದಿಯೋ ಬೆಣ್ಣಿಮುದ್ದಿ ತಂದಿಯೋ? ಬಿಸಿಲಿಗಿಟ್ಟರ ಕರಗ್ತಾಳಲೇ!" ಎಂದು ಓಣಿಗೆಲ್ಲ ಕೇಳುವಂತೆ ಸಾರಿದಳು. ಪಿಯುಸಿ ಓದಿ, ಟೈಪಿಂಗ್ ಕಲಿತು ಬಂದಿದ್ದ ನನಗೆ ಅವಮಾನವಾಯಿತು. ಆ ವರ್ಷವೇ ಹಟ ಮಾಡಿ ಅವಳ ಗುಂಪಿನ ಜತೆ ನಾಟಿಗೆ ಇಳಿದೆ. ಇಳಿಯುವ ಮೊದಲೇ ಹಾವು, ಜಿಗಣೆ, ಕಾಲಿಗೆ ಗಾಜು, ಸೊಂಟ ಹಿಡಿಯುವುದು ಎಲ್ಲವನ್ನೂ ಯೋಚಿಸಿ ಮುಗಿಸಿದ್ದೆ. ಯೋಚಿಸದೇ ಉಳಿದದ್ದು ಬೀಳುವುದೊಂದೇ. ಮೂರು ಸಲ ಬಿದ್ದೆ. ನಾನು ಊರಿದ ಸಸಿಗಳು ನನ್ನ ಬೆನ್ನ ಹಿಂದೆಯೇ ತೇಲಿ ಮೇಲೆ ಬಂದವು. ಹುಲಿಗೆಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿ, "ಸುಜಾತಾ, ಬಾಯವ್ವ ಹೊರಗ. ಬದುವಿನ ಮ್ಯಾಲ ಕುಂತು ಹಾಡರ ಹೇಳು, ಅದೂ ಒಂದು ಕೆಲಸನ" ಎಂದಳು. ಬದುವಿನ ಮೇಲೆ ಕುಳಿತೆ. ಹಾಡೂ ಬರಲಿಲ್ಲ. ಅಂದಿನಿಂದ ಅವಳ ಬಾಯಲ್ಲಿ ನಾನು 'ಪೆನ್ನಿನ ಬೆರಳಾಕಿ'.

ಮೌನೇಶನ ಬಗ್ಗೆ ಎರಡು ಸಾಲು ಸಾಕು. ಅವನು ಎಲ್ಲರಿಗೂ ಎಲ್ಲದಕ್ಕೂ ಹೂಂ ಎನ್ನುತ್ತಿದ್ದ, ಆಮೇಲೆ ಊರಲ್ಲಿರುತ್ತಿರಲಿಲ್ಲ. ಹದಿನಾಲ್ಕು ವರ್ಷ ಸಹಿಸಿ, ಮಗಳು ಸ್ಫೂರ್ತಿಯನ್ನು ಕರೆದುಕೊಂಡು ಲಿಂಗಸುಗೂರಿನ ತವರಿಗೆ ಬಂದೆ. ಅದೇ ಊರಿನ ಕೋರ್ಟಿನಲ್ಲಿ ವಿಚ್ಛೇದನವಾಯಿತು, ಮಸ್ಕಿಯ ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಬೀಗ ಹಾಕಿದ ಮೇಲೆ ಬಸ್‌ಸ್ಟ್ಯಾಂಡಿನಿಂದ ಹಿಂದಕ್ಕೆ ಬಂದು ಬೀಗ ಎಳೆದು ನೋಡುವ ಜಾತಿ ನಾನು. ಅಷ್ಟು ಜೋಪಾನದ ಹೆಂಗಸು ಗಂಡನ ಮನೆಯಲ್ಲಿ ಬಿಟ್ಟು ಬಂದದ್ದೇನು ಗೊತ್ತೇ? ಆಧಾರ್ ಕಾರ್ಡಿನ ಹತ್ತು ಜೆರಾಕ್ಸು, ಹತ್ತಕ್ಕೂ ನನ್ನದೇ ದಸ್ಕತ್ತು, ಜತೆಗೊಂದು ಕವರಿನಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೋ. ಯಾವಾಗ ಯಾವ ಕಚೇರಿ ಕೇಳುತ್ತದೋ ಎಂಬ ಹೆದರಿಕೆಗೆ ಮುಂಚೆಯೇ ಸಹಿ ಮಾಡಿಟ್ಟಿದ್ದೆ. ಕಳ್ಳನಿಗೆ ಏಣಿ ಹಾಕಿ, ಹತ್ತುವಾಗ ಜಾರದಿರಲಿ ಎಂದು ಬುಡವನ್ನೂ ಹಿಡಿದುಕೊಂಡಂತಾಯಿತು.

ವಿಚ್ಛೇದನವಾಗಿ ನಾಲ್ಕು ವರ್ಷಕ್ಕೆ ಸ್ಫೂರ್ತಿಗೆ ನರ್ಸಿಂಗ್ ಸೀಟು ಸಿಕ್ಕಿತು. ಫೀಸಿಗೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ, ಮೇಜಿನ ಆಚೆಗಿದ್ದವರು ಕಂಪ್ಯೂಟರ್ ನೋಡಿ ತಲೆಯಾಡಿಸಿದರು. "ಮೇಡಂ, ಸಿಂಧನೂರಾಗ ಸಂಘದ ಸಾಲ ತಗೊಂಡೀರಿ. ಆರು ತಿಂಗಳಿಂದ ಕಂತು ಪೂರಾ ಕಟ್ಟಿಲ್ಲ. ಅದು ತೀರೋ ತನಕ ಏನೂ ಮಾಡಾಕ ಬರಂಗಿಲ್ರೀ." ಸೀಟು ಉಳಿಯಬೇಕಾದರೆ ತಿಂಗಳ ಕೊನೆಯೊಳಗೆ ಫೀಸು ಕಟ್ಟಬೇಕಿತ್ತು. ಸಂಘವೇ ಕಾಣದ ನಾನು ಸಂಘದ ಸಾಲಗಾರಳಾಗಿದ್ದು ಹೇಗೆಂದು ಯೋಚಿಸುತ್ತ ಮನೆಗೆ ಬಂದೆ. ಉತ್ತರ ಮರುದಿನ ಮಂಗಳವಾರ ಬೆಳಿಗ್ಗೆ ತಾನಾಗಿ ಬಂದು ಹೊಸ್ತಿಲ ಮೇಲೆ ಕಾಲು ಚಾಚಿ ಕುಳಿತಿತ್ತು.

"ನನ್ನ ಗುರ್ತು ಸಿಕ್ತೇನು, ಪೆನ್ನಿನ ಬೆರಳಾಕಿ?" ಎಂದಳು ಹುಲಿಗೆಮ್ಮ, ನನ್ನ ಕೈ ನೋಡುತ್ತ.

ಹತ್ತು ಹೆಂಗಸರು ಸೇರಿದರೆ ಕೊಡುವ ಗುಂಪು ಸಾಲ ಅದು. ಒಬ್ಬಳು ತಪ್ಪಿದರೆ ಉಳಿದ ಒಂಬತ್ತು ಜನ ತುಂಬಬೇಕು. ಗುಂಪಿಗೆ ಒಂದು ತಲೆ ಕಡಿಮೆ ಬಿದ್ದಿತ್ತಂತೆ. ಮೌನೇಶ ತನ್ನ ಹೊಸ ಹೆಂಡತಿಯನ್ನು ಕರೆತಂದ. ಅವಳ ಹೆಸರಿನಲ್ಲಿ ಆಗಲೇ ಸಾಲಗಳಿದ್ದವು, ಮತ್ತೊಂದು ಸಿಗುವಂತಿರಲಿಲ್ಲ. ಹಾಗಾಗಿ ತಲೆ ಅವಳದು, ಹೆಸರು ನನ್ನದು. ಇದನ್ನೆಲ್ಲ ಹುಲಿಗೆಮ್ಮ ಮುಚ್ಚಿಡಲೂ ಇಲ್ಲ.

"ಅಕ್ಕಾ, ಸಾಲ ನಾ ತಗೊಂಡಿಲ್ಲ ಅಂತ ನಿಮಗ ಗೊತ್ತೈತಲ್ರೀ!"

"ಗೊತ್ತೈತಿ. ಕಾಗದಕ್ಕ ಗೊತ್ತಿಲ್ಲಲ. ಮೌನೇಶ ಹೆಂಡ್ತಿ ಕರ್ಕೊಂಡು ಊರು ಬಿಟ್ಟಾನ. ನಾವು ಒಂಬತ್ತು ಮಂದಿ ಕೆಸರಾಗ ಬಗ್ಗಿ ದುಡದು ನಿನ್ನ ಹೆಸರಿಗೆ ಕಟ್ಟಾಕತ್ತೀವಿ. ನಿನಗ ನೌಕರಿ ಐತಿ, ಫ್ಯಾನಿನ ಕೆಳಗ ಕುಂದರ್ತಿ. ಕಟ್ಟು."

"ಕಾಲರ ತಗೀರಿ, ಬಸ್ಸಿಗೆ ಹೊತ್ತಾತು."

"ದಾಟಿ ಹೋಗು. ಯಾರು ಬ್ಯಾಡಂದಾರ?"

ಹಿರಿಯರ ಕಾಲು ದಾಟಬಾರದು ಎಂದು ಬೆಳೆದವಳು ನಾನು. ಅದು ಅವಳಿಗೆ ಗೊತ್ತು. ಮನೆಗೆ ಇದ್ದದ್ದು ಒಂದೇ ಬಾಗಿಲು. ನನ್ನ ಜೀವನ ಹಾಳು ಮಾಡಿದವಳ ಪಾದಕ್ಕೆ ಮರ್ಯಾದೆ ಕೊಟ್ಟು ಮುಕ್ಕಾಲು ಗಂಟೆ ಒಳಗೇ ನಿಂತೆ. ನೀರು ಕೇಳಿದಳು, ಕೊಟ್ಟೆ. ಕುಡಿದು ಚೊಂಬು ತಿರುಗಿಸಿ ನೋಡಿ, "ಚೊಂಬಿನ ತಳ ತಿಕ್ಕೂದಿಲ್ಲೇನು?" ಎಂದಳು. ಓಣಿಯವರು ಬಂದು ಏನೆಂದು ಕೇಳಿದರೆ, "ನಮ್ಮ ಸೊಸಿ ಇದ್ದಂಗ. ಸ್ವಲ್ಪ ಹಿಸಾಬ ಐತಿ" ಎಂದು ನಗುತ್ತಿದ್ದಳು. ಹೀಗೆ ಮೂರು ಮಂಗಳವಾರ ಬಂದಳು.

ನಡುವೆ ಒಂದು ದಿನ ರಜೆ ಹಾಕಿ ಸಿಂಧನೂರಿನ ಆ ಸಾಲದ ಕಂಪನಿಗೆ ಹೋದೆ. ನನಗಿಂತ ತೀರಾ ಚಿಕ್ಕ ವಯಸ್ಸಿನ ಮ್ಯಾನೇಜರು ಫೈಲು ತೆಗೆದು ತೋರಿಸಿದರು. ನನ್ನದೇ ಜೆರಾಕ್ಸು, ನನ್ನದೇ ಸಹಿ. ಗುಂಪಿನ ಫೋಟೋದಲ್ಲಿ ಒಬ್ಬಳು ಮೂಗಿನ ತನಕ ಸೆರಗು ಎಳೆದುಕೊಂಡಿದ್ದಾಳೆ. ಬೆರಳಚ್ಚಿನ ಕಡೆ ಏನೂ ಇಲ್ಲ. ಬದಲಿಗೆ ಹೀಗೆ ಬರೆದಿತ್ತು: 'ನಾಟಿ ಕೆಲಸದವರು. ಬೆರಳು ಸವೆದಿದ್ದು ಯಂತ್ರದಲ್ಲಿ ಮೂಡಿಲ್ಲ. ಗುಂಪಿನ ನಾಯಕಿ ಹುಲಿಗೆಮ್ಮ ಗುರುತಿಸಿದ್ದಾರೆ.'

"ಈ ಕಡೆ ಹಿಂಗ ಆಗ್ತೈತ್ರೀ ಅಮ್ಮಾ. ನಾಟಿ ಹೆಂಗಸರ ಬೆರಳು ಹತ್ತಂಗಿಲ್ಲ, ನಾಯಕಿ ಮಾತಿನ ಮ್ಯಾಲ ಕೊಡ್ತೀವಿ. ಗುರುತಿಸಿದಾಕಿನ ತಪ್ಪಂತ ಬರದು ಕೊಟ್ಟರ ಮಾತ್ರ ನಿಮ್ಮ ಹೆಸರು ತಗೀಬಹುದು" ಎಂದರು ಅವರು. ಹುಲಿಗೆಮ್ಮ ತಪ್ಪೆಂದು ಹೇಳುವುದೆಂದರೆ ಕಾಲುವೆ ಹಿಂದಕ್ಕೆ ಹರಿದಂತೆ. ಆದರೂ ಅಭ್ಯಾಸಬಲದಿಂದ ಆ ಹಾಳೆಯ ಮೂರು ಜೆರಾಕ್ಸು ಮಾಡಿಸಿಕೊಂಡು ಬಂದೆ.

ಹೊಳೆದದ್ದು ಮೂರನೆಯ ಮಂಗಳವಾರ. ಅವಳ ಕಾಲಿನಿಂದಾಗಿ ಬಸ್ಸು ತಪ್ಪಿ, ಮಸ್ಕಿಯಲ್ಲಿ ಇಳಿದು ಓಡೋಡಿ ಕಚೇರಿಗೆ ಹೋಗಿ ಹಾಜರಾತಿ ಯಂತ್ರದ ಮೇಲೆ ಬೆರಳಿಟ್ಟೆ. ಟಿಂಗ್ ಎಂದಿತು, ಹಸಿರು ದೀಪ. ಎಂದಿನಂತೆ ಒಂದೇ ಏಟಿಗೆ. ದಿನಕ್ಕೆರಡು ಸಲ ಕೇಳುವ ಆ ಟಿಂಗ್ ನನಗೆ ಕೇಳಿಸಿದ್ದು ಅವತ್ತೇ. ಅಲ್ಲೇ ನಿಂತು ನನ್ನ ಬೆರಳನ್ನು ಹುಲಿಗೆಮ್ಮ ನೋಡುವ ಹಾಗೆ ನೋಡಿದೆ.

ಮುಂದಿನ ಮಂಗಳವಾರ ಗುಂಪಿನವರನ್ನೆಲ್ಲ ಬಾಕಿಯ ವಿಷಯಕ್ಕೆ ಸಿಂಧನೂರಿಗೆ ಕರೆಸಿದ್ದರು. ನಾನೂ ಹೋದೆ. ದಾರಿಯುದ್ದಕ್ಕೂ ಬೆರಳಿಗೆ ಏನಾದರೂ ಆದೀತೆಂದು ಕರವಸ್ತ್ರ ಸುತ್ತಿಕೊಂಡಿದ್ದೆ. ಕಿಟಕಿಯ ಸರಳನ್ನೂ ಮುಟ್ಟಲಿಲ್ಲ. ಮ್ಯಾನೇಜರರ ಮೇಜಿನ ಮುಂದೆ ಹುಲಿಗೆಮ್ಮ, ಅವಳ ಹಿಂದೆ ಎಂಟು ಹೆಂಗಸರು. ನಾನು ಕರವಸ್ತ್ರ ಬಿಚ್ಚಿ, "ಯಂತ್ರ ತರ್ರೀ" ಎಂದೆ. ಬೆರಳಿಟ್ಟೆ. ಟಿಂಗ್. ಮತ್ತೊಂದು ಬೆರಳು. ಟಿಂಗ್. ಹತ್ತೂ ಬೆರಳಿಟ್ಟೆ, ಒಂಬತ್ತಕ್ಕೆ ಮ್ಯಾನೇಜರು ಸಾಕೆಂದರೂ ಬಿಡಲಿಲ್ಲ.

"ಈಗ ನೌಕರಿ ಸೇರ್ಯಾಳ, ಗೆರಿ ಚಿಗತಾವ. ಆವಾಗ ನಾಟಿಗೆ ಬರ್ತಿದ್ಲು" ಎಂದಳು ಹುಲಿಗೆಮ್ಮ. ಕಣ್ಣು ಮಿಟುಕಿಸಲಿಲ್ಲ.

ನಾನು ಬೆರಳು ಒರೆಸಿಕೊಂಡೆ. "ಹೌದಕ್ಕ, ಬಂದಿದ್ದೆ. ಅರ್ಧ ದಿನ. ಬದುವಿನ ಮ್ಯಾಲ ಕುಂದ್ರಿಸಿದವರು ಯಾರು?"

 ಹಿಂದಿನ ಸಾಲಿನಲ್ಲಿದ್ದ ದುರುಗಮ್ಮ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕೆಂದಳು. "ಅಯ್ಯ, ಸಸಿ ಎಲ್ಲಾ ತೇಲಿದ್ವಲ್ಲಬೇ! ನಾ ಮತ್ತ ಹಚ್ಚಿ ಸಾಕಾಗಿದ್ದೆ." ಇನ್ನೊಬ್ಬಳು, "ಹಾಡು ಹೇಳಂದ್ರ ಅದೂ ಬರಲಿಲ್ಲ ಪಾಪ" ಎಂದಳು. ಎಂಟೂ ಜನ ನಗತೊಡಗಿದರು. ನನ್ನ ಅವಮಾನ ಅಷ್ಟು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಮ್ಯಾನೇಜರು ನಗಲಿಲ್ಲ. ಸುಳ್ಳು ಗುರುತೆಂದು ಬರೆದುಕೊಟ್ಟರೆ ಗುಂಪಿನವರು ಈ ಬಾಕಿ ತುಂಬಬೇಕಿಲ್ಲ, ಮೌನೇಶನ ಮೇಲೆ ಪೊಲೀಸ್ ದೂರು ಕೊಡುತ್ತೇವೆ, ಆದರೆ ಹುಲಿಗೆಮ್ಮ ಇನ್ನು ನಾಯಕಿಯಲ್ಲ, ಅವಳಿಗೆ ಮತ್ತೆ ಸಾಲವೂ ಇಲ್ಲ ಎಂದರು. ನಗು ನಿಂತಿತು. ಎಂಟು ಜೊತೆ ಕಣ್ಣು ಹುಲಿಗೆಮ್ಮನ ಬೆನ್ನಿಗೆ ನೆಟ್ಟವು.

"ಬರೀರಿ ಹಂಗಾದ್ರ" ಎಂದಳು ದುರುಗಮ್ಮ. "ಆರು ತಿಂಗಳಾತು ನಾವು ಕಟ್ಟಾಕತ್ತು."

ಹುಲಿಗೆಮ್ಮ ಎಲೆಅಡಿಕೆ ಉಗಿದು ಬಂದಳು. "ಬರಕೋರಿ. ಸೆರಗು ಹಾಕ್ಕೊಂಡಾಕಿ ಈಕಿ ಅಲ್ಲ. ಈಕಿ ನಾಟಿ ಹೆಣ್ಣಲ್ಲ, ಯಾವತ್ತೂ ಆಗಿದ್ದಿಲ್ಲ." ಅದನ್ನು ಸಾಕ್ಷಿಯಂತಲ್ಲ, ಬೈಗುಳದಂತೆ ಹೇಳಿದಳು.

ಹೇಳಿಕೆ ಟೈಪಾಯಿತು. ಕೆಳಗೆ ಅವಳ ಬೆರಳು ಬೇಕು. ಯಂತ್ರದ ಮೇಲೆ ಇಟ್ಟಳು. ಕೆಂಪು. ಒರೆಸಿ ಇಟ್ಟಳು. ಕೆಂಪು. ಹತ್ತೂ ಬೆರಳು ಕೆಂಪು. ಸಾಲಕ್ಕೆ ಬಾಯಿಮಾತು ನಡೆಯುತ್ತದೆ, ಹೇಳಿಕೆಗೆ ನಡೆಯುವುದಿಲ್ಲ; ಬೇರೆಯವರು ಗುರುತಿಸಬೇಕು, ಗುರುತಿಸುವವರ ಬೆರಳಾದರೂ ಮೂಡಬೇಕು ಎಂದರು ಮ್ಯಾನೇಜರು. ದುರುಗಮ್ಮ ಇಟ್ಟಳು, ಕೆಂಪು. ಉಳಿದವರೂ ಇಟ್ಟರು. ಒಬ್ಬರದೂ ಹತ್ತಲಿಲ್ಲ.

ಆಗ ಹುಲಿಗೆಮ್ಮ ನನ್ನ ಕಡೆ ತಿರುಗಿದಳು. ಅವತ್ತು ಮೊದಲ ಸಲ ನನ್ನ ಮುಖ ನೋಡಿದಳು.

"ನಾನು ಹುಲಿಗೆಮ್ಮ ಅಂತ ಹೇಳು" ಎಂದಳು.

ಮಗಳ ಸೀಟಿಗೆ ಒಂಬತ್ತು ದಿನ ಉಳಿದಿದ್ದವು. ತಕ್ಷಣ ಬೆರಳಿಡಬೇಕಿತ್ತು. ಆದರೆ ಮೂರು ಮಂಗಳವಾರ ಹೊಸ್ತಿಲ ಒಳಗೆ ನಿಂತದ್ದು ನೆನಪಾಗಿ, ನಿಂತೆ. ಕರವಸ್ತ್ರ ಮಡಚಿದೆ, ಚೀಲದೊಳಗಿಟ್ಟೆ, ಜಿಪ್ಪು ಹಾಕಿದೆ, ಹಾಕಿದ್ದೇನೋ ಇಲ್ಲವೋ ಎಂದು ಎಳೆದು ನೋಡಿದೆ. ಅವಳು ಕಾದಳು. ಮೂರು ಗದ್ದೆ ಆಚೆ ಕೇಳುವ ದನಿ ಒಂದು ಮಾತೂ ಆಡಲಿಲ್ಲ.

ಇದಾದ ಮೇಲೆ ನಾನು ಅವಳನ್ನು ನೋಡಿಲ್ಲ. ನನ್ನ ಹೆಸರು ತೆಗೆದ ಪತ್ರ ಬಂತು. ಸ್ಫೂರ್ತಿಯ ಫೀಸು ಕೊನೆಯ ದಿನಕ್ಕೆ ಎರಡು ದಿನ ಮೊದಲು ಕಟ್ಟಿದೆ. ಮೌನೇಶ ಇನ್ನೂ ಸಿಕ್ಕಿಲ್ಲ. ಹುಲಿಗೆಮ್ಮ ಕಳೆದ ನಾಟಿಯ ಹೊತ್ತಿಗೆ ತೀರಿಹೋದಳೆಂದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ದುರುಗಮ್ಮ ಹೇಳಿದಳು. ಅಯ್ಯೋ ಎನ್ನಬೇಕಿತ್ತು, ಬಸ್ಸು ಬಂತು. ಈಗಲೂ ಮಂಗಳವಾರ ಬೆಳಿಗ್ಗೆ ಬಾಗಿಲು ತೆಗೆದಾಗ ಕಾಲು ಎತ್ತಿ ಎತ್ತಿ ಇಡುತ್ತೇನೆ, ಹೊಸ್ತಿಲ ಮೇಲೆ ಏನೂ ಇರುವುದಿಲ್ಲ.

ಅವತ್ತು ಬೆರಳಿಟ್ಟೆ. ಟಿಂಗ್ ಎಂದಿತು. ಗುರುತಿಸಿದವರ ಹೇಳಿಕೆ ಎಂಬಲ್ಲಿ ಮ್ಯಾನೇಜರು ಏನು ಬರೆಯಲಿ ಎಂದು ಕೇಳಿದರು. "ಈಕೀನ ಹುಲಿಗೆಮ್ಮ" ಎಂದೆ. "ನನಗ ಪಕ್ಕಾ ಗೊತ್ತು."